ಹುದ್ದೆ ಹೆಸರಲ್ಲ, ಕೆಲಸ ಕೇಳಿ: ಕಾರವಾರದ ನಮ್ಮ ಹೋಟೆಲಿಗೆ ನಾನೇ ಮಾಡಿದ ಸಂಬಳ ಸರ್ವೆ

2024ರ ನವೆಂಬರ್‌ನಲ್ಲಿ ಒಂದೇ ವಾರದಲ್ಲಿ ಇಬ್ಬರು ಸಪ್ಲಾಯರ್, ಒಬ್ಬ ಕುಕ್ ಕೆಲಸ ಬಿಟ್ಟರು. ಮೂವರೂ ಹೋಗಿದ್ದು ಗೋವಾಕ್ಕೆ. ಕಾರವಾರದಲ್ಲಿ ಹೋಟೆಲ್ ನಡೆಸುವವರಿಗೆ ಇದು ಹೊಸದಲ್ಲ. ರೈಲು ಹತ್ತಿದರೆ ಕಾಣಕೋಣ, ಇನ್ನೂ ಸ್ವಲ್ಪ ಹೊತ್ತು ಕೂತರೆ ಮಡಗಾಂವ್. ಅಕ್ಟೋಬರ್ ಬಂತೆಂದರೆ ಅಲ್ಲಿ ಸೀಸನ್ ಶುರು, ಇಲ್ಲಿ ನಮಗೆ ಆತಂಕ ಶುರು.

ನಮ್ಮದು ಕೆಳಗೆ ಮೀನೂಟದ ಹೋಟೆಲ್, ಮೇಲೆ ಲಾಡ್ಜ್. ಒಟ್ಟು 46 ಜನ. ಹಾಜರಿ, ಸಂಬಳ, ಪಿಎಫ್ ಎಲ್ಲ ನೋಡುವವಳು ನಾನೊಬ್ಬಳೇ. ಮಾಲೀಕರು ಬೇಜಾರಾಗಿ, "ಎಲ್ಲರಿಗೂ ಎರಡೆರಡು ಸಾವಿರ ಜಾಸ್ತಿ ಮಾಡಿಬಿಡಿ ಮೇಡಂ" ಅಂದರು. ಲೆಕ್ಕ ಹಾಕಿದೆ. ತಿಂಗಳಿಗೆ 92 ಸಾವಿರ. ಯಾರಿಗೆ ಎಷ್ಟು ಕಡಿಮೆ ಸಿಗುತ್ತಿದೆ ಅಂತಲೇ ಗೊತ್ತಿಲ್ಲದೆ ಇಷ್ಟು ದುಡ್ಡು ಹಂಚಿದರೆ ಏನಾಗುತ್ತದೆ? ನಿಜವಾಗಿ ಕಡಿಮೆ ಸಿಗುತ್ತಿರುವವರಿಗೆ ಅದು ಸಾಲುವುದಿಲ್ಲ, ಸರಿಯಾಗಿ ಸಿಗುತ್ತಿರುವವರಿಗೆ ಸುಮ್ನೆ ಹೋಗುತ್ತದೆ. ಎರಡು ತಿಂಗಳು ಟೈಮ್ ಕೊಡಿ, ಬೇರೆ ಕಡೆ ಎಷ್ಟು ಕೊಡುತ್ತಾರೆ ಅಂತ ನಾನೇ ವಿಚಾರಿಸಿ ಹೇಳುತ್ತೇನೆ ಅಂದೆ. ಕೊಂಡು ತರುವ ಸರ್ವೆ ರಿಪೋರ್ಟ್‌ಗಳೂ ಇವೆ. ಆದರೆ ಅವು ದೊಡ್ಡ ಊರಿನ ದೊಡ್ಡ ಕಂಪನಿಗಳವು. ಮೀನು ಫ್ರೈ ಮಾಡುವ ಕುಕ್ ಅದರಲ್ಲಿ ಎಲ್ಲಿ ಸಿಗಬೇಕು?

ಮೊದಲು ಮಾಡಿದ ಕೆಲಸ ಅಂದರೆ ಹಳೇ ರಿಜಿಸ್ಟರ್ ತೆಗೆದು ಕೂತಿದ್ದು. ಎರಡು ವರ್ಷದಲ್ಲಿ ಯಾರು ಬಿಟ್ಟರು, ಬಿಟ್ಟು ಎಲ್ಲಿಗೆ ಹೋದರು ಅಂತ ಬರೆದುಕೊಂಡೆ. ಗೊತ್ತಿಲ್ಲದವರಿಗೆ ಫೋನ್ ಮಾಡಿದೆ. ಕಾರವಾರ ಪೇಟೆ, ಸದಾಶಿವಗಡ, ಅಂಕೋಲಾ, ಕಾಣಕೋಣ. ಇಬ್ಬರು ಕೈಗಾ ಕಡೆ ಒಬ್ಬ ಕ್ಯಾಂಟೀನ್ ಗುತ್ತಿಗೆದಾರರ ಹತ್ತಿರ ಇದ್ದರು. ಗೋಕರ್ಣಕ್ಕೆ ಒಬ್ಬರೂ ಹೋಗಿರಲಿಲ್ಲ, ಅದನ್ನು ಬಿಟ್ಟೆ. ನಮ್ಮ ಜನ ಎಲ್ಲಿಗೆ ಹೋಗುತ್ತಾರೋ ಅದೇ ನಮ್ಮ ಮಾರ್ಕೆಟ್. ಪಕ್ಕದ ಬೀದಿಯ ಹೋಟೆಲ್ ಅಂತ ಸೇರಿಸಿಕೊಳ್ಳುವ ಅಗತ್ಯ ಇಲ್ಲ.

ಹೀಗೆ ಹದಿನಾಲ್ಕು ಕಡೆ ಗುರುತು ಮಾಡಿಕೊಂಡು, 32 ಕಾಲಂ ಇರುವ ದೊಡ್ಡ ಎಕ್ಸೆಲ್ ಶೀಟ್ ಕಳಿಸಿದೆ. ಒಬ್ಬರೂ ತುಂಬಿಸಲಿಲ್ಲ. ಆಮೇಲೆ ಒಂದೇ ಹಾಳೆಗೆ ಇಳಿಸಿ, ಎಂಟು ಕೆಲಸ ಮಾತ್ರ ಇಟ್ಟುಕೊಂಡು ನಾನೇ ಹೋದೆ. ಹೋಗುತ್ತಿದ್ದುದು ಮಧ್ಯಾಹ್ನ ಮೂರೂವರೆ ಮೇಲೆ. ಊಟದ ಗಲಾಟೆ ಮುಗಿದಿರುತ್ತದೆ, ಸಂಜೆಯ ಚಹಾದ ಗಿರಾಕಿ ಇನ್ನೂ ಬಂದಿರುವುದಿಲ್ಲ. ಗಲ್ಲಾದಲ್ಲಿ ಕೂತವರಿಗೆ ಮಾತಾಡಲು ಪುರುಸೊತ್ತು ಇರುವುದು ಆಗ ಮಾತ್ರ.

ಕೋಡಿಬಾಗದ ಹತ್ತಿರ ಒಬ್ಬ ಹಿರಿಯ ಮಾಲೀಕರು ಹಾಳೆಯನ್ನು ಮುಟ್ಟಲೂ ಇಲ್ಲ. "ನಮ್ಮ ಹುಡುಗರನ್ನು ಎಳೆದುಕೊಳ್ಳೋಕೆ ಬಂದಿದ್ದೀಯೇನಮ್ಮ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಮೂರು ಮಾತು ಕೊಟ್ಟೆ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಹಾಳೆಯಲ್ಲಿ ಬರೀ ನಂಬರ್ ಇರುತ್ತದೆ. ಐದು ಕಡೆಗಿಂತ ಕಡಿಮೆ ಅಂಕಿ ಸಿಕ್ಕ ಕೆಲಸದ ಲೆಕ್ಕವನ್ನು ಯಾರಿಗೂ ತೋರಿಸುವುದಿಲ್ಲ, ನಮ್ಮ ಮಾಲೀಕರಿಗೂ. ಕೊನೆಗೆ ಬರುವ ಲೆಕ್ಕದ ಒಂದು ಪ್ರತಿ ನಿಮಗೂ ತಂದುಕೊಡುತ್ತೇನೆ. ಮೂರನೇ ಮಾತಿಗೆ ಅವರು ಕುರ್ಚಿ ಎಳೆದು ಕೊಟ್ಟರು. ಅವರಿಗೂ ಅದೇ ಚಿಂತೆ ಇತ್ತು, ಅಲ್ವಾ? ಕೊನೆಗೆ ಒಂಬತ್ತು ಕಡೆ ಮಾಹಿತಿ ಸಿಕ್ಕಿತು. ನಂಬರ್ ಯಾರದು ಅನ್ನುವ ಪಟ್ಟಿಯನ್ನು ಬೇರೆ ನೋಟ್‌ಬುಕ್‌ನಲ್ಲಿ ಬರೆದು ಬೀಗ ಹಾಕಿಟ್ಟೆ.

ಹಾಳೆಯಲ್ಲಿ ಹುದ್ದೆಯ ಹೆಸರಿನ ಜೊತೆ ಕೆಲಸವನ್ನೂ ಎರಡು ಸಾಲಿನಲ್ಲಿ ಬರೆದಿದ್ದೆ. ಇದರಿಂದಲೇ ಸರ್ವೆ ಉಳಿಯಿತು. ಒಂದು ಕಡೆ "ಸೂಪರ್‌ವೈಸರ್" ಅಂದರೆ ಆರು ಜನರ ಡ್ಯೂಟಿ ಹಾಕುವವನು. ಇನ್ನೊಂದು ಕಡೆ ಬಿಲ್ ಕೊಡುವ ಹಳೇ ಸಪ್ಲಾಯರ್‌ಗೂ ಅದೇ ಹೆಸರು. ಹೆಸರು ನೋಡಿ ಹೋಲಿಸಿದ್ದರೆ ಲೆಕ್ಕವೇ ತಪ್ಪುತ್ತಿತ್ತು.

ಆದರೂ ಒಂದು ದೊಡ್ಡ ತಪ್ಪು ಮಾಡಿದೆ. "ಸಂಬಳ ಎಷ್ಟು?" ಅಂತ ಕೇಳಿದ್ದೆ, ಅಷ್ಟೇ. ಕೆಲವರು ಒಟ್ಟು ಸಂಬಳ ಹೇಳಿದ್ದರು, ಕೆಲವರು ಪಿಎಫ್‌ನ 12%, ಚಿಕಿತ್ಸೆಗೆ ನೆರವಾಗುವ ಇಎಸ್‌ಐ ವಿಮೆಯ 0.75% ಕಳೆದು ಕೈಗೆ ಬರುವುದನ್ನು ಹೇಳಿದ್ದರು. ನಾಲ್ಕು ಕಡೆ ಮುಗಿದ ಮೇಲೆ ಗೊತ್ತಾಯಿತು. ಆ ನಾಲ್ಕೂ ಕಡೆ ಮತ್ತೆ ಹೋಗಿ ಕ್ಷಮೆ ಕೇಳಿ ಸರಿ ಮಾಡಿಕೊಂಡು ಬಂದೆ. ಆಮೇಲೆ 2025ರ ಜನವರಿ 1ಕ್ಕೆ ಇದ್ದ ಒಟ್ಟು ಸಂಬಳ, ಊಟ, ರೂಮ್, ವರ್ಷದಲ್ಲಿ ಎಷ್ಟು ತಿಂಗಳ ಕೆಲಸ ಅಂತ ಬೇರೆ ಬೇರೆ ಕಾಲಂ ಮಾಡಿದೆ.

ಕೊನೆಯ ಕಾಲಂ ನಮ್ಮ ಮಾಲೀಕರ ಕಣ್ಣು ತೆರೆಸಿತು. ಕಾಣಕೋಣದಲ್ಲಿ ಸಪ್ಲಾಯರ್‌ಗೆ ತಿಂಗಳಿಗೆ 20,000. ನಮ್ಮಲ್ಲಿ 16,500. ಆದರೆ ಬೀಚ್ ಕಡೆ ಕೆಲಸ ಎಂಟು ತಿಂಗಳು, ಮಳೆಗಾಲದಲ್ಲಿ ಮನೆಗೆ ಕಳಿಸುತ್ತಾರೆ. ವರ್ಷಕ್ಕೆ 1,60,000. ನಮ್ಮದು 1,98,000, ಬೋನಸ್ ಬೇರೆ. ಟಿಪ್ಸ್ ಅಲ್ಲಿ ಜಾಸ್ತಿ, ನಿಜ. ಆದರೂ ಸಪ್ಲಾಯರ್ ಸಂಬಳ ನಾವಂದುಕೊಂಡಷ್ಟು ಕಡಿಮೆ ಇರಲಿಲ್ಲ. ಕುಕ್‌ಗಳ ಕಥೆ ಬೇರೆ. ಅವರನ್ನು ಅಲ್ಲಿ ವರ್ಷಪೂರ್ತಿ ಇಟ್ಟುಕೊಳ್ಳುತ್ತಾರೆ. ನಾವು 2,500 ಹಿಂದಿದ್ದೆವು.

ನನಗೆ ನಿಜವಾಗಿ ನೋವಾಗಿದ್ದು ರೂಮ್ ಕ್ಲೀನ್ ಮಾಡುವ ಹೆಂಗಸರ ಲೆಕ್ಕ ನೋಡಿದಾಗ. ಏಳು ಕಡೆಯಿಂದ ಅಂಕಿ ಸಿಕ್ಕಿತ್ತು: 14,800, 15,200, 15,500, 15,800, 16,000, 16,400, 23,000. ಕೂಡಿಸಿ ಭಾಗಿಸಿದರೆ ಸರಾಸರಿ ಸುಮಾರು 16,670. ಆ 23,000 ಕೊಡುವ ಕಡೆ ಬಟ್ಟೆ ಒಗೆಯುವುದೂ ಸೇರಿದೆ, ಆ ಒಂದೇ ಅಂಕಿ ಸರಾಸರಿಯನ್ನು ಮೇಲಕ್ಕೆಳೆದಿದೆ. ಅದಕ್ಕೇ ನಾನು ನಡುವಿನ ಅಂಕಿ ಹಿಡಿಯುತ್ತೇನೆ. ಸಾಲಾಗಿ ಬರೆದು ಮಧ್ಯದ್ದು ನೋಡಿದರೆ 15,800. ನಾವು ಕೊಡುತ್ತಿದ್ದುದು 14,200.

ನಮ್ಮಲ್ಲಿ ಈ ಕೆಲಸ ಮಾಡುವ ಆರು ಹೆಂಗಸರಲ್ಲಿ ಒಬ್ಬರೂ ಕೆಲಸ ಬಿಟ್ಟಿರಲಿಲ್ಲ. ಮನೆ, ಮಕ್ಕಳು, ಅತ್ತೆ-ಮಾವ ಬಿಟ್ಟು ಅವರು ಗೋವಾದ ರೈಲು ಹತ್ತುವ ಹಾಗಿಲ್ಲ. ಬಿಟ್ಟು ಹೋಗುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹೋಗಲಾಗದವರ ಸಂಬಳ ಹಾಗೇ ನಿಂತಿರುತ್ತದೆ. ನಾನೇ ಪ್ರತಿ ತಿಂಗಳು ಅವರ ಸಂಬಳದ ಚೀಟಿ ಬರೆದವಳು, ನನಗೂ ಹೊಳೆದಿರಲಿಲ್ಲ.

ಆರು ಹೆಂಗಸರಿಗೆ ತಲಾ 1,600 ಜಾಸ್ತಿ, ಐದು ಕುಕ್‌ಗಳಿಗೆ 2,500. ತಿಂಗಳಿಗೆ 22,100, ನಮ್ಮ ಪಾಲಿನ ಪಿಎಫ್ ಬೇರೆ. ಮಾಲೀಕರು ಒಂದೇ ಮಾತಿಗೆ ಒಪ್ಪಿದರು. ಗಲ್ಲಾದ ಕ್ಲರ್ಕ್‌ಗೆ 20,400 ಇತ್ತು, ಅವನಿಗೂ ಸಾವಿರ ಕೊಡೋಣ ಅಂದರು. ನಾನು ಸ್ವಲ್ಪ ತಡೆದೆ. 21,000 ದಾಟಿದರೆ ಇಎಸ್‌ಐ ಕಟ್ಟುವ ಅವಧಿ ಮುಗಿದ ಮೇಲೆ ಅವನು ಅದರಿಂದ ಹೊರಗೆ. ಮನೆಯಲ್ಲಿ ಅಮ್ಮನಿಗೆ ಚಿಕಿತ್ಸೆ ನಡೆಯುತ್ತಿದೆ. ಅವನನ್ನೇ ಕರೆದು ಕೇಳಿದೆವು. 500 ಸಾಕು, ಇಎಸ್‌ಐ ಇರಲಿ ಅಂದ.

ಏಪ್ರಿಲ್ 1ಕ್ಕೆ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುತ್ತದೆ. ಅದನ್ನೂ ತಾಳೆ ನೋಡಿ ಹೊಸ ಸಂಬಳ ಜಾರಿ ಮಾಡಿದೆವು. ಚೀಟಿ ಕೊಟ್ಟ ದಿನ ಮೇಲಿನ ಮಹಡಿಯ ಒಬ್ಬರು ಕೆಳಗೆ ಬಂದು, "ಅಕ್ಕ, ಇದು ತಪ್ಪಿ ಬಿದ್ದಿದೆಯಾ?" ಅಂತ ಕೇಳಿದರು. ಇಲ್ಲ ಅಂದೆ. ಹಾಳೆ ತೋರಿಸಿ, ನಡುವಿನ ಅಂಕಿ ಯಾವುದು, ಹೇಗೆ ಬಂತು ಅಂತ ವಿವರಿಸಿದೆ. ಅವರು ಏಳೂ ಅಂಕಿಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಓದಿಕೊಂಡರು.

ಒಂಬತ್ತು ಮಾಲೀಕರಿಗೂ ಪ್ರತಿ ಕೊಟ್ಟು ಬಂದಾಯಿತು. ಕೋಡಿಬಾಗದವರು ಮುಂದಿನ ಸಲ ಡ್ಯೂಟಿ ಗಂಟೆಯೂ ಸೇರಿಸಿ ಅಂದಿದ್ದಾರೆ. ಬೆಳಿಗ್ಗೆ ಬಂದು, ಮಧ್ಯಾಹ್ನ ಮನೆಗೆ ಹೋಗಿ, ಸಂಜೆ ಮತ್ತೆ ಬರುವವರ ದಿನ ಎಷ್ಟು ಉದ್ದ ಅಂತ ನಾನು ಕೇಳಿರಲೇ ಇಲ್ಲ. ಆ ಕಾಲಂ ಸೇರಿಸಿದ್ದೇನೆ.