ಆರು ಜನರ ಹೆಸರಿನ ದತ್ತಿ

ಆಯಿ, ಅಂದರೆ ನಮ್ಮ ಅಮ್ಮ, ಶಿರಸಿಯಲ್ಲಿ ಬಿ.ಎ. ಓದುವಾಗ ಅವಳ ತರಗತಿಯಲ್ಲಿ ಹುಡುಗಿಯರು ಆರೇ ಜನ. 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲಿ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಎಂದಾಯಿತು. ಆಯಿ ನಿಂತಳು, ಗೆದ್ದಳು. ಶಾಲೆ ಮಕ್ಕಳು ಮಳೆಗಾಲದಲ್ಲಿ ದಾಟುವ ಹಳ್ಳಕ್ಕೆ ಗಟ್ಟಿಯಾದ ಕಾಲುಸಂಕ ಹಾಕಿಸಿದಳು. ಅದನ್ನು ಈಗಲೂ ಊರಿನವರು ನೆನೆಯುತ್ತಾರೆ.

ಅವಳು ಹೋದ ಮೇಲೆ ಅವಳ ಕಾಲೇಜಿನಲ್ಲೇ ಒಂದು ದತ್ತಿ ಇಡೋಣ ಎಂದು ನಾವು ಮೂವರು ಮಕ್ಕಳು ಕೂತು ಮಾತಾಡಿದೆವು. ಆಯಿಯ ಹೆಸರೊಂದೇ ಸಾಕು ಎಂದ ತಮ್ಮ. ನನಗೆ ಮನಸ್ಸಾಗಲಿಲ್ಲ. ಆ ಆರು ಜನರಲ್ಲಿ ಒಬ್ಬರು ಅಂಗನವಾಡಿ ನಡೆಸಿದವರು, ಇನ್ನೊಬ್ಬರು ಊರಲ್ಲಿ ಹಾಲಿನ ಸೊಸೈಟಿ ಶುರುಮಾಡಲು ಮನೆಮನೆ ತಿರುಗಿದವರು. ಅವರನ್ನೆಲ್ಲ ಬಿಟ್ಟು ಆಯಿಯನ್ನು ಮಾತ್ರ ನೆನೆದರೆ ಅವಳಿಗೇ ಸರಿ ಬರುತ್ತಿರಲಿಲ್ಲ. ಕೊನೆಗೆ ಆರೂ ಹೆಸರು ಬರೆಸಿದೆವು.

2023ರಲ್ಲಿ ಐದು ಲಕ್ಷ ಸೇರಿತು. ತಮ್ಮ ತನ್ನ ಪಾಲನ್ನು ನಗದಾಗಿ ತಂದಿದ್ದ. ಬ್ಯಾಂಕ್ ಮೂಲಕವೇ ಕಳಿಸು ಎಂದೆ. ದಾನ ಕೊಟ್ಟವರಿಗೆ ಸಿಗುವ 80ಜಿ ತೆರಿಗೆ ರಿಯಾಯಿತಿ ಬೇಕಿದ್ದರೆ 2,000 ರೂಪಾಯಿ ಮೇಲೆ ನಗದು ನಡೆಯುತ್ತಿರಲಿಲ್ಲ. ಆಗ ಠೇವಣಿಗೆ ಶೇ. 7 ಬಡ್ಡಿ, ಅಂದರೆ ವರ್ಷಕ್ಕೆ 35,000. ಇಬ್ಬರು ಹುಡುಗಿಯರಿಗೆ ತಲಾ 15,000 ಕೊಟ್ಟು, ಉಳಿದ 5,000 ಅಸಲಿಗೇ ಸೇರಿಸುವುದು ಎಂದು ಕರಾರು ಮಾಡಿಕೊಂಡೆವು. ಹಾಗೆ ಸೇರಿಸದಿದ್ದರೆ ಹತ್ತು ವರ್ಷದಲ್ಲಿ ಆ ದುಡ್ಡಿಗೆ ಬೆಲೆಯೇ ಇರುವುದಿಲ್ಲ, ಅಲ್ವಾ?

ದುಡ್ಡಿನ ಕೆಲಸ ಸುಲಭವಾಗಿ ಮುಗಿಯಿತು. ಯಾರಿಗೆ ಕೊಡುವುದು ಎಂಬುದೇ ಕಷ್ಟವಾಯಿತು. ಅಂಕ ನೋಡುವುದು ಬೇಡ, ಊರಿಗಾಗಿ ದುಡಿದ ಹುಡುಗಿಗೆ ಕೊಡಬೇಕು ಎಂದು ಮೊದಲೇ ನಿಶ್ಚಯಿಸಿದ್ದೆವು. ಮೊದಲ ವರ್ಷ ಅರ್ಜಿಯ ಜೊತೆ ಸೇವೆಯ ಪ್ರಮಾಣಪತ್ರ ಕೇಳಿದೆವು. ಬಂದ ಅರ್ಜಿಗಳೆಲ್ಲ ಪೇಟೆಯಲ್ಲೇ ಇರುವ ಹುಡುಗಿಯರದ್ದು. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಪ್ರಮಾಣಪತ್ರಕ್ಕೆ ಎರಡು ವರ್ಷದಲ್ಲಿ 240 ತಾಸು ದುಡಿಯಬೇಕು, ಏಳು ದಿನದ ಶಿಬಿರಕ್ಕೂ ಹೋಗಬೇಕು. ಅವರು ನಿಜವಾಗಿ ದುಡಿದವರೇ. ಆದರೆ ತರಗತಿ ಮುಗಿದ ಕೂಡಲೇ ಹಳ್ಳಿ ಬಸ್ಸಿಗೆ ಓಡುವ ಹುಡುಗಿಗೆ ಆ ತಾಸುಗಳು ಎಲ್ಲಿಂದ ಬರಬೇಕು? ಆಯಿಯೂ ಅಂಥವಳೇ. ಅವಳಿಗೂ ನಮ್ಮ ದತ್ತಿ ಸಿಗುತ್ತಿರಲಿಲ್ಲ. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ವರ್ಷ ಪ್ರಮಾಣಪತ್ರ ಕೇಳುವುದನ್ನು ಕೈಬಿಟ್ಟೆವು. "ನಿಮ್ಮ ಬಗ್ಗೆ ಹೇಳಬಲ್ಲ ಇಬ್ಬರು ಊರಿನವರ ಹೆಸರು ಬರೆಯಿರಿ, ಮನೆಯವರು ಬೇಡ" ಎಂದು ಕೇಳಿದೆವು. ಆ ಇಬ್ಬರಿಗೆ ನಾನೇ ಫೋನ್ ಮಾಡುತ್ತೇನೆ. ಸಹಾಯ ಮಾಡಿದ್ದಾಳಾ ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. ಅದಕ್ಕೇ ಬೇರೆ ಥರ ಕೇಳುತ್ತೇನೆ: ಅವಳು ಒಂದು ತಿಂಗಳು ಊರಲ್ಲಿ ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ?

ಹಣ ಕೊಡುವ ದಿನವನ್ನೂ ಬದಲಿಸಿದೆವು. ಮೊದಲ ಸಲ ಫೆಬ್ರುವರಿಯ ಸಮಾರಂಭದಲ್ಲಿ ಹಾರ ಹಾಕಿ ಕೊಟ್ಟಿದ್ದರು. ಅಷ್ಟರಲ್ಲಿ ಫೀಸು ಕಟ್ಟಲು ಮನೆಯವರು ಸಾಲ ಮಾಡಿ ಆಗಿತ್ತು. ಈಗ ಪ್ರವೇಶದ ಹೊತ್ತಿಗೇ ಹುಡುಗಿಯ ಖಾತೆಗೆ ಹಾಕಿಸುತ್ತೇವೆ. ಸಮಾರಂಭ ಯಾವಾಗ ಬೇಕಾದರೂ ಆಗಲಿ.

ಕಳೆದ ಸಲ ಒಬ್ಬ ಹುಡುಗಿ ಅರ್ಜಿಯಲ್ಲಿ ಸೇವೆ ಎಂಬಲ್ಲಿ ಏನೂ ಬರೆಯದೆ ಗೆರೆ ಎಳೆದು ಬಿಟ್ಟಿದ್ದಳು. ಅವಳು ಕೊಟ್ಟ ಹೆಸರುಗಳಲ್ಲಿ ಒಂದು ಆಶಾ ಕಾರ್ಯಕರ್ತೆಯದು. ಕೇಳಿದೆ. "ಅವಳಿಲ್ಲದಿದ್ದರೆ ನಮ್ಮ ಕೇರಿಯ ಮುದುಕರ ಪಿಂಚಣಿ ಅರ್ಜಿ ಬರೆಯುವವರೇ ಇಲ್ಲ" ಎಂದರು. ಹುಡುಗಿಗೆ ಫೋನ್ ಮಾಡಿದರೆ, "ಅದನ್ನೂ ಬರೀಬೇಕಿತ್ತಾ ಅಕ್ಕಾ?" ಎಂದಳು.