ಬಿದ್ದವನ ಪಿಎಫ್ ನಿಲ್ಲದ ಹಾಗೆ ಮಾಡಿದ್ದು: ನನ್ನ ಅನುಭವ

ಕೇರಳ ಗಡಿಯೊಳಗಿನ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ನೀರ್ಚಾಲು ಸುತ್ತಿನಲ್ಲಿ ಅಡಿಕೆಗೆ ಮದ್ದು ಬಿಡುವ, ಗೊನೆ ಕೊಯ್ಯುವ ಟೀಮ್ ನಡೆಸುತ್ತೇನೆ. ಈಗ ಒಂಬತ್ತು ಜನ ಇದ್ದಾರೆ. 2021ರಲ್ಲಿ ಇವರಿಗೆ ಪಿಎಫ್ ಮಾಡಿಸುತ್ತೇನೆ ಅಂದಾಗ ನನ್ನ ಹಾಗೆ ಟೀಮ್ ಇಟ್ಟುಕೊಂಡವರು ಯಾರೂ ನಂಬಲಿಲ್ಲ. "ಮಳೆಗಾಲದಲ್ಲಿ ಕೆಲಸವೇ ಇಲ್ಲ, ಪಿಎಫ್ ಎಲ್ಲಿಂದ ಕಟ್ತೀಯಾ?" ಅಂದರು. ಲೆಕ್ಕ ಬರೆಯುವ ಹುಡುಗನೂ ಬೇಡ ಅಂದ. 2024ರ ಆಗಸ್ಟಿನಲ್ಲಿ ನಮ್ಮವನೊಬ್ಬ ಮರದಿಂದ ಬಿದ್ದ. ಮೂರು ತಿಂಗಳು ಮನೆಯಲ್ಲಿ ಮಲಗಿದ. ಅವನ ಪಿಎಫ್ ಪಾಸ್‌ಬುಕ್ಕಿನಲ್ಲಿ ಒಂದು ತಿಂಗಳೂ ಖಾಲಿ ಇಲ್ಲ. ಅದು ಹೇಗಾಯಿತು ಅಂತ ಈಗ ಫೋನ್ ಮಾಡಿ ಕೇಳುವವರು ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಇದು ತಲೆಗೆ ಹೊಕ್ಕದ್ದು 2018ರಲ್ಲಿ. ಜೂನ್ ಮೊದಲ ವಾರ, ಮೊದಲ ಮದ್ದು. ಮರ ಒದ್ದೆ. ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ತಳೆ (ಮರ ಹತ್ತಲು ಕಾಲಿಗೆ ಹಾಕುವ ಬಳೆ) ಜಾರಿತು. ಬಿದ್ದವನಿಗೆ ನಲವತ್ತೆರಡು ವರ್ಷ. ಸೊಂಟ ಹೋಯಿತು. ಆಗ ನನ್ನ ಹತ್ತಿರ ಇನ್ಶೂರೆನ್ಸ್ ಏನೂ ಇರಲಿಲ್ಲ. ಮಂಗಳೂರಿನ ಆಸ್ಪತ್ರೆಗೆ ಕೈಯಿಂದ ಒಂದು ಲಕ್ಷ ಎಂಬತ್ತು ಸಾವಿರದಷ್ಟು ಹಾಕಿದೆ. ಅವನು ಮುಪ್ಪಿಗೆ ಅಂತ ಕಟ್ಟುತ್ತಿದ್ದ ಪಾಲಿಸಿ ಎರಡು ಕಂತು ತಪ್ಪಿ ನಿಂತಿತು. ಹೆಂಡತಿಯ ಕರಿಮಣಿ ಬ್ಯಾಂಕಿಗೆ ಹೋಯಿತು. ನನಗೆ ಆಗ ತಿಳಿದದ್ದು ಇಷ್ಟು: ಅಪಘಾತದ ಪರಿಹಾರ ಒಂದು, ಮುಪ್ಪಿನ ಉಳಿತಾಯ ಇನ್ನೊಂದು ಅಂತ ನಾವು ಬೇರೆ ಬೇರೆ ಚೀಲದಲ್ಲಿ ಇಡುತ್ತೇವೆ. ಮರ ಹತ್ತುವವನಿಗೆ ಬಿದ್ದ ದಿನವೇ ಮುಪ್ಪು ಶುರು. ಗಳಿಕೆ ನಿಂತ ದಿನವೇ ಉಳಿತಾಯವೂ ನಿಲ್ಲುತ್ತದೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಎಲ್ಲರೂ ವಾರಕ್ಕೆ ನೂರು ರೂಪಾಯಿ ಹಾಕುವ ಡಬ್ಬಿ ಮಾಡಿದೆವು. ಎಂಟು ತಿಂಗಳಲ್ಲಿ ಒಬ್ಬ ಮಗಳ ಮದುವೆಗೆ ಕೇಳಿದ, ಕೊಟ್ಟೆವು. ಮತ್ತೊಬ್ಬ ಬೈಕಿಗೆ ಕೇಳಿದ. ಡಬ್ಬಿ ಅಲ್ಲಿಗೆ ಮುಗಿಯಿತು. ಆಮೇಲೆ ಸರಕಾರದ ಅಟಲ್ ಪೆನ್ಶನ್ ಯೋಜನೆ. ನಲವತ್ತು ದಾಟಿದವರಿಗೆ ಅದು ಸಿಗುವುದೇ ಇಲ್ಲ. ಸಿಕ್ಕಿದ ನಾಲ್ವರಿಗೆ ಜುಲೈ, ಆಗಸ್ಟಿನಲ್ಲಿ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸ್ಸು. ಅದನ್ನು ಆರು ತಿಂಗಳಿಗೊಮ್ಮೆ ಕಡಿಯುವ ಹಾಗೆ ಬದಲಾಯಿಸಿ, ಕೊಯ್ಲಿನ ತಿಂಗಳಿಗೆ ಬೀಳುವಂತೆ ಮಾಡಿದ ಮೇಲೆ ಸರಿಯಾಯಿತು. ಇದನ್ನು ನೀವೂ ಮಾಡಿ, ಖರ್ಚಿಲ್ಲ.

2021ರ ಏಪ್ರಿಲಿನಲ್ಲಿ ಪಿಎಫ್‌ಗೆ ಸ್ವಯಂ ಇಚ್ಛೆಯಿಂದ ಸೇರಿದೆ. ಪಿಎಫ್ ಕಡ್ಡಾಯ ಆಗುವಷ್ಟು, ಅಂದರೆ ಇಪ್ಪತ್ತು ಜನ ಇಲ್ಲದಿದ್ದರೂ ಕೆಲಸದವರಲ್ಲಿ ಹೆಚ್ಚಿನವರು ಒಪ್ಪಿದರೆ ಸೇರಬಹುದು. ಒಪ್ಪಿಸುವುದೇ ಕಷ್ಟದ ಕೆಲಸ. ನಾವು ಹಿಡಿದ ಶೇಕಡ 12ರ ದರದಲ್ಲಿ ಹದಿನೈದು ಸಾವಿರ ಸಂಬಳಕ್ಕೆ ಕೆಲಸದವನ ಪಾಲು ತಿಂಗಳಿಗೆ 1,800. "ಅಣ್ಣಾ, ಅದು ಒಂದು ತಿಂಗಳ ಅಕ್ಕಿ ಸಾಮಾನು" ಅಂದರು. ನಾನು ಶನಿವಾರದ ಬಟವಾಡೆಯಲ್ಲಿ ಮಾತಾಡುವುದು ಬಿಟ್ಟೆ. ಭಾನುವಾರ ಒಬ್ಬೊಬ್ಬರ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಅವರ ಮನೆಯ ಹೆಂಗಸರ ಹತ್ತಿರ ಹೇಳಿದೆ. ದುಡಿಯಲಿಕ್ಕೇ ಆಗದ ಹಾಗೆ ಅಂಗ ಊನವಾದರೆ ಒಂದೇ ತಿಂಗಳ ಕಂತು ಕಟ್ಟಿದ್ದರೂ ಪೆನ್ಶನ್ ಬರುತ್ತದೆ ಅಂದೆ. ಕೆಲಸದಲ್ಲಿರುವಾಗ ಸತ್ತರೆ ಇದರ ಜೊತೆಗಿರುವ ಇನ್ಶೂರೆನ್ಸಿನಲ್ಲಿ ಏಳು ಲಕ್ಷದವರೆಗೆ ಇದೆ ಅಂದೆ. 2018ರಲ್ಲಿ ಬಿದ್ದವನ ಹೆಂಡತಿಯೂ ಒಂದೆರಡು ಮನೆಗೆ ಜೊತೆಗೆ ಬಂದಳು. ಅವಳು ಜಾಸ್ತಿ ಏನೂ ಹೇಳಲಿಲ್ಲ. "ನಮಗೆ ಇದ್ದಿದ್ರೆ ಸಾಕಿತ್ತು" ಅಂದಳು. ಮುಂದಿನ ವಾರ ಆರು ಜನ ಸಹಿ ಹಾಕಿದರು.

ಪಿಎಫ್‌ಗೆ ಎಲ್ಲ ದಾಖಲೆಯಲ್ಲೂ ಒಂದೇ ಹೆಸರು ಬೇಕು. ಹೆಸರಿನ ಗಲಾಟೆ ಗಡಿಯ ಈಚೆಗೆ ಇರುವವರಿಗೆ ಗೊತ್ತೇ ಇದೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಶಂಕರ, ಆಧಾರಿನಲ್ಲಿ ಶಂಕರನ್. ಒಂದರಲ್ಲಿ ನಾಯ್ಕ, ಇನ್ನೊಂದರಲ್ಲಿ ನಾಯಿಕ್. ಬರೆದವರು ಮಲಯಾಳದಲ್ಲಿ ಕೇಳಿ ಬರೆದರು, ಇವರು ಓದದೆ ಸಹಿ ಹಾಕಿದರು. ಎಲ್ಲರದ್ದೂ ಸರಿಯಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ಜಾಯಿಂಟ್ ಡಿಕ್ಲರೇಶನ್ (ಪಿಎಫ್ ದಾಖಲೆ ತಿದ್ದಲು ಮಾಲೀಕ, ಕೆಲಸದವ ಸೇರಿ ಕೊಡುವ ಅರ್ಜಿ) ಕಳಿಸುವ ಮೊದಲು ಆಧಾರ್, ಪಾನ್, ಬ್ಯಾಂಕ್ ಮೂರನ್ನೂ ಒಂದೇ ಮಾಡಿಸಿ. ಒಂದು ಬಿಟ್ಟರೂ ಪುನಃ ಮೊದಲಿಂದ.

ಇಷ್ಟೆಲ್ಲ ಮಾಡಿಯೂ 2022ರ ಜುಲೈಯಲ್ಲಿ ಸೋತೆ. ಒಬ್ಬನ ಹಿಮ್ಮಡಿಯ ಎಲುಬು ಮುರಿಯಿತು. ಈ ಸಲ ಎಂಪ್ಲಾಯೀಸ್ ಕಾಂಪೆನ್ಸೇಶನ್ ಪಾಲಿಸಿ (ಕೆಲಸದಲ್ಲಿ ಗಾಯವಾದವನಿಗೆ ಮಾಲೀಕ ಕೊಡಬೇಕಾದ ಪರಿಹಾರವನ್ನು ಕೊಡುವ ಇನ್ಶೂರೆನ್ಸ್) ಇತ್ತು, ಧೈರ್ಯದಲ್ಲಿದ್ದೆ. ಕ್ಲೇಮ್ ಬರುವವರೆಗೆ ಮನೆ ನಡೆಯಲಿ ಅಂತ ಹನ್ನೆರಡು ಸಾವಿರ ಕೊಟ್ಟು ವೌಚರಿನಲ್ಲಿ "ಪರಿಹಾರ ಮುಂಗಡ" ಅಂತ ಬರೆದೆ. ಆ ಎರಡು ಶಬ್ದ ಅವನಿಗೆ ಹನ್ನೆರಡು ಸಾವಿರದ ನಷ್ಟ ಮಾಡಿತು. ಮಾಲೀಕ ಪರಿಹಾರ ಅಂತ ಮೊದಲೇ ಕೊಟ್ಟದ್ದನ್ನು ಬರುವ ಪರಿಹಾರದಿಂದ ಕಳೆಯಬೇಕು ಅಂತ ಆಗಿನ 1923ರ ಪರಿಹಾರ ಕಾಯ್ದೆಯಲ್ಲೇ ಇತ್ತು. ಕಂಪನಿಯವರು ಕಳೆದರು. ತಪ್ಪು ನನ್ನದೇ.

ಇನ್ನೊಂದು ಏಟು ಪಿಎಫ್‌ನಲ್ಲಿ. ಪರಿಹಾರ ಸಂಬಳ ಅಲ್ಲ, ಹಾಗಾಗಿ ಅದಕ್ಕೆ ಪಿಎಫ್ ಕಟ್ಟುವ ಹಾಗಿಲ್ಲ. ನಾಲ್ಕು ತಿಂಗಳು ಸೊನ್ನೆ. ಹದಿನೈದು ದಿನಕ್ಕೊಮ್ಮೆ ಬರುವ ಪರಿಹಾರ ತಿಂಗಳ ಸಂಬಳದ ಕಾಲು ಭಾಗ. ಆ ಸಂಬಳಕ್ಕೂ ಆಗ ಹದಿನೈದು ಸಾವಿರದ ಮಿತಿ ಇತ್ತು. ಅಂದರೆ 3,750, ತಿಂಗಳಿಗೆ 7,500. ಇಪ್ಪತ್ತೆಂಟು ಸಾವಿರ ದುಡಿಯುವವನ ಮನೆ ಅದರಲ್ಲಿ ನಡೆಯುವುದುಂಟಾ? ಅನಾರೋಗ್ಯದ ಮುಂಗಡ ಅಂತ ಅವನು ಪಿಎಫ್‌ನಲ್ಲಿದ್ದ ತನ್ನ ಪಾಲಿನ ಇಪ್ಪತ್ತೇಳು ಸಾವಿರವನ್ನೂ ತೆಗೆದ. ಹದಿನೈದು ತಿಂಗಳ ಉಳಿತಾಯ ಒಂದು ಮಳೆಗಾಲದಲ್ಲಿ ಹೋಯಿತು.

ಆ ರಾತ್ರಿಗಳಲ್ಲಿ ಲೆಕ್ಕ ಹಾಕುತ್ತಾ ಹಾಕುತ್ತಾ ದಾರಿ ಕಂಡಿತು. ಪರಿಹಾರಕ್ಕೆ ಪಿಎಫ್ ಇಲ್ಲ. ಸಂಬಳ ಸಹಿತ ರಜೆಗೆ ಇದೆ! ಇಪ್ಪತ್ತು ದಿನದ ಕೆಲಸಕ್ಕೆ ಒಂದು ದಿನ ರಜೆ ಅಂತ 2023ರ ಜನವರಿಯಿಂದ ಪುಸ್ತಕದಲ್ಲಿ ಬರೆಯಲು ಶುರು ಮಾಡಿದೆ. ಹಳಬರಿಗೆ ಹಿಂದಿನ ಕೆಲಸಕ್ಕೂ ಸೇರಿಸಿ ಕೊಟ್ಟೆ. ಮೂವತ್ತು ದಿನದವರೆಗೆ ಕೂಡಿಡಬಹುದು. ನಮ್ಮಲ್ಲಿ ದಿನಕ್ಕೆ 1,300. ಹನ್ನೆರಡು ದಿನ ರಜೆ ಕೊಟ್ಟರೆ 15,600 ಆಯಿತು. ಪಿಎಫ್ ಲೆಕ್ಕಕ್ಕೆ ಹಿಡಿಯುವ ಹದಿನೈದು ಸಾವಿರದ ಮಿತಿ ದಾಟಿತು, ಅಂದರೆ ಪಿಎಫ್ ಪೂರ್ತಿ. ತಿಂಗಳಿಡೀ ಸಂಬಳ ಕೊಡಬೇಕಾಗಿಲ್ಲ, ಹನ್ನೆರಡು ದಿನ ಸಾಕು. ಉಳಿದ ದಿನಗಳನ್ನು ಪಿಎಫ್ ಚಲನ್ನಿನಲ್ಲಿ ಎನ್‌ಸಿಪಿ (ಸಂಬಳ ಇಲ್ಲದ, ಪಿಎಫ್ ಕಟ್ಟದ ದಿನ) ಅಂತ ತೋರಿಸಿ, ಮುಚ್ಚಿಡಬೇಡಿ.

2024ರಲ್ಲಿ ಬಿದ್ದವನದ್ದು ಹೀಗಾಯಿತು. ಆಗಸ್ಟಿನಲ್ಲಿ ಏಳು ದಿನ ಕೆಲಸ ಮಾಡಿದ್ದ, ಐದು ದಿನ ರಜೆ ಸೇರಿಸಿದೆ. ಸೆಪ್ಟೆಂಬರಿಗೆ ಹನ್ನೆರಡು, ಅಕ್ಟೋಬರಿಗೆ ಹನ್ನೆರಡು. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಮುಗಿಯಿತು. ನವೆಂಬರಿನಲ್ಲಿ ಕೊಯ್ಲಿಗೆ ಬಂದ. ಪರಿಹಾರದ ಐದು ಕಂತು ಬೇರೆಯೇ ಬಂತು, ಒಂದು ಪೈಸೆ ಕಳೆಯಲಿಲ್ಲ. ಯಾಕೆಂದರೆ ಈ ಸಲ ರಜೆಗೆ ಬೇರೆ ವೌಚರ್, ಬೇರೆ ಪುಸ್ತಕ, ಬೇರೆ ದಿನ ಬ್ಯಾಂಕಿಗೆ. ರಜೆಯ ನಿಯಮ ಅಪಘಾತಕ್ಕೆ ಮೊದಲೇ ಬರೆದು ಎಲ್ಲರ ಸಹಿ ಇರಬೇಕು. ಬಿದ್ದ ಮೇಲೆ ಬರೆದರೆ ಯಾರೂ ನಂಬುವುದಿಲ್ಲ. ಆ ನಿಯಮದ ಹಾಳೆಯಲ್ಲಿ ಇನ್ನೊಂದು ಸಾಲು ಇದೆ, ಅದರಿಂದ ಪಾಲಿಸಿಯ ದರವೂ ಸ್ವಲ್ಪ ಇಳಿಯಿತು. ಅದನ್ನು ಇಲ್ಲಿ ಹಾಕುವುದಿಲ್ಲ. ಮನೆಗೆ ಬನ್ನಿ, ತೋರಿಸುತ್ತೇನೆ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಪಿಎಫ್‌ಗೆ ನನ್ನ ಪಾಲು, ಅದರ ಇನ್ಶೂರೆನ್ಸು, ಆಡಳಿತ ಶುಲ್ಕ ಸೇರಿ ತಲೆಗೆ ತಿಂಗಳಿಗೆ 1,950, ವರ್ಷಕ್ಕೆ ಇಪ್ಪತ್ತಮೂರು ಸಾವಿರ ಚಿಲ್ಲರೆ. ಪಾಲಿಸಿ ತಲೆಗೆ ನಾಲ್ಕು ಸಾವಿರದ ಮೇಲೆ. ರಜೆಗೆ ಅಂತ ಆರು ಸಾವಿರ ಎತ್ತಿಡುತ್ತೇನೆ. ವರ್ಷಕ್ಕೆ ಒಬ್ಬನಿಗೆ 260 ದಿನ ಕೆಲಸ ಅಂದರೆ ದಿನಕ್ಕೆ ಹತ್ತಿರ ಹತ್ತಿರ 130. ತೋಟದವರ ಹತ್ತಿರ ಅಷ್ಟೇ ಜಾಸ್ತಿ ಕೇಳಿದೆ. ಮೊದಲ ವರ್ಷ ಹನ್ನೊಂದು ತೋಟ ಕೈಬಿಟ್ಟಿತು. ಅದರಲ್ಲಿ ಏಳು ಎರಡು ವರ್ಷದಲ್ಲಿ ವಾಪಸ್ಸು ಬಂತು. ಒಬ್ಬ ಹಿರಿಯರ ಹತ್ತಿರ, "ಭಟ್ರೇ, ನಿಮ್ಮ ತೋಟದಲ್ಲಿ ಬಿದ್ದರೆ ನಿಮ್ಮ ಅಂಗಳಕ್ಕೆ ಯಾರೂ ಬರುವುದಿಲ್ಲ, ನನ್ನ ಪಾಲಿಸಿ ಮಾತಾಡುತ್ತದೆ" ಅಂದೆ. ಅವರು ಮರುದಿನವೇ ದಿನಾಂಕ ಕೊಟ್ಟರು.

ನಡುವೆ ದೋಟಿಯ (ನೆಲದಿಂದಲೇ ಗೊನೆ ಕೊಯ್ಯುವ ಉದ್ದ ಕೋಲು) ಪ್ರಯೋಗವನ್ನೂ ಮಾಡಿದೆ. ಕಾರ್ಬನ್ ಫೈಬರಿನದ್ದು, ಎಪ್ಪತ್ತು ಸಾವಿರದ ಆಸುಪಾಸು. ಬೀಳುವ ಭಯ ಕಮ್ಮಿ ಅಂತ ತಂದದ್ದು. ಆದರೆ ಹೆಚ್ಚು ಉಪಯೋಗ ಆದದ್ದು ಬೇರೆ ಕಡೆ. ಐವತ್ತು ದಾಟಿ ಮರ ಹತ್ತಲಾಗದ ಇಬ್ಬರು ನೆಲದಲ್ಲಿ ನಿಂತೇ ಗೊನೆ ಕೊಯ್ಯುತ್ತಾರೆ. ಅವರಲ್ಲಿ ಒಬ್ಬನಿಗೆ ಐವತ್ತೆಂಟಕ್ಕೆ ಹತ್ತು ವರ್ಷದ ಸರ್ವೀಸ್ ಆಗುವುದಿಲ್ಲ, ತಿಂಗಳ ಪೆನ್ಶನ್ ಸಿಗುವುದಿಲ್ಲ. ಅವನಿಗೆ ಪೋಸ್ಟಾಫೀಸಿನಲ್ಲಿ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಬೇರೆ ಮಾಡಿಸಿದ್ದೇನೆ.

ಹಳೆಯ ಪರಿಹಾರ ಕಾಯ್ದೆ, ಪಿಎಫ್ ಕಾಯ್ದೆ ಎರಡೂ ಸಾಮಾಜಿಕ ಭದ್ರತಾ ಸಂಹಿತೆಯ ಒಂದೇ ಪುಸ್ತಕದೊಳಗೆ ಸೇರಿವೆ. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂತು. ಒಂದೇ ಪುಸ್ತಕಕ್ಕೆ ಬಂದವು, ಒಂದಕ್ಕೊಂದು ಗಂಟು ಬಿದ್ದಿಲ್ಲ. ಗಾಯದಿಂದ ಮಲಗಿದ ದಿನಗಳಿಗೂ ಪಿಎಫ್ ಕಟ್ಟಬೇಕು, ಅದನ್ನೂ ಪರಿಹಾರದ ಲೆಕ್ಕಕ್ಕೆ ಹಿಡಿಯಬೇಕು ಅಂತ ಒಂದು ಸಾಲು ಸೇರಿಸಿದ್ದರೆ ನನ್ನ ರಜೆ ಪುಸ್ತಕದ ಅಗತ್ಯವೇ ಇರಲಿಲ್ಲ. ತೀವ್ರ ಗಾಯವಾಗಿ ಆರು ತಿಂಗಳು ಮಲಗಿದರೆ ಮೂವತ್ತು ದಿನ ಸಾಲುವುದಿಲ್ಲ. ಅದಕ್ಕೆ ಈ ಕೊಯ್ಲಿನಿಂದ ಒಬ್ಬರ ರಜೆಯನ್ನು ಇನ್ನೊಬ್ಬರಿಗೆ ಕೊಡುವ ನಿಯಮ ಬರೆದಿದ್ದೇನೆ. ಎಂಟು ಜನ ಸಹಿ ಹಾಕಿದ್ದಾರೆ. ಒಂಬತ್ತನೆಯವನು ಹೆಂಡತಿಯ ಹತ್ತಿರ ಕೇಳಿ ಹೇಳುತ್ತೇನೆ ಅಂದಿದ್ದಾನೆ. ಈ ಭಾನುವಾರ ಅವರ ಮನೆಗೆ ಹೋಗುತ್ತೇನೆ.