ಸೀರೀಸ್ 7: ಆಪ್ಷನ್ ಲಾಭದ ಲೆಕ್ಕಕ್ಕೆ ಎರಡು ಗೆರೆ ಸಾಕು

ಅಮೆರಿಕದಲ್ಲಿ ಫಿನ್ರಾದ (ಷೇರು ದಲ್ಲಾಳಿಗಳ ನಿಯಂತ್ರಣ ಸಂಸ್ಥೆ) ಸೀರೀಸ್ 7 ಎಂಬ ದಲ್ಲಾಳಿ ಅರ್ಹತಾ ಪರೀಕ್ಷೆಗೆ ಓದುತ್ತಿರುವವರು ಆಪ್ಷನ್ (ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಅಥವಾ ಮಾರುವ ಹಕ್ಕು) ಸೂತ್ರಗಳನ್ನು ಉರು ಹೊಡೆಯಬೇಡಿ. ‘ಟಿ’ ಆಕಾರದಲ್ಲಿ ಎರಡು ಗೆರೆ ಎಳೆದು ಅಂಗಡಿಯ ಜಮಾ-ಖರ್ಚಿನ ಪುಸ್ತಕದಂತೆ ಬರೆಯಿರಿ: ಎಡಕ್ಕೆ ಕೊಟ್ಟ ಹಣ, ಬಲಕ್ಕೆ ಬಂದ ಹಣ. ಒಂದು ಕಾಂಟ್ರಾಕ್ಟ್ ಎಂದರೆ ಸಾಮಾನ್ಯವಾಗಿ 100 ಷೇರು, ಆದ್ದರಿಂದ ಪ್ರೀಮಿಯಂ (ಷೇರೊಂದಕ್ಕೆ ಹೇಳುವ ಆಪ್ಷನ್ ಬೆಲೆ) ಅನ್ನು ಮೊದಲೇ 100ರಿಂದ ಗುಣಿಸಿಬಿಡಿ.

ಗ್ರಾಹಕರೊಬ್ಬರು 52 ಡಾಲರಿನಂತೆ 100 ಷೇರು ಕೊಂಡು, 55ರ ಕಾಲ್ (ಷೇರನ್ನು 55ಕ್ಕೆ ಕೊಳ್ಳುವ ಹಕ್ಕು) ಒಂದನ್ನು 3ಕ್ಕೆ ಮಾರಿದ್ದಾರೆ ಎನ್ನಿ. ಷೇರು 60ಕ್ಕೆ ಏರಿತು, ಕಾಲ್ ಕೊಂಡವರು ಹಕ್ಕು ಚಲಾಯಿಸಿದರು. ಎಡಕ್ಕೆ 5,200. ಬಲಕ್ಕೆ ಪ್ರೀಮಿಯಂ 300, ಷೇರು ಒಪ್ಪಿಸಿದ್ದಕ್ಕೆ 5,500, ಒಟ್ಟು 5,800. ಲಾಭ 600 ಡಾಲರ್. ಆ 60 ಎಲ್ಲಿ ಹೋಯಿತು? ಎಲ್ಲೂ ಬರುವುದಿಲ್ಲ! ಹಕ್ಕು ಚಲಾವಣೆಯಾದಾಗ ಷೇರು ಕೈಬದಲಾಗುವುದು ಸ್ಟ್ರೈಕ್ ಬೆಲೆಗೆ, ಅಂದರೆ ಮೊದಲೇ ಗೊತ್ತುಮಾಡಿದ 55ಕ್ಕೆ. ಪ್ರಶ್ನೆ ಹೆಣೆದವರು 60 ಅನ್ನು ಇಟ್ಟಿರುವುದೇ ನಿಮ್ಮನ್ನು ಬೀಳಿಸಲು. 1,100 ಎಂಬ ತಪ್ಪು ಉತ್ತರವೂ ಆಯ್ಕೆಗಳಲ್ಲಿ ಕಾದಿರಬಹುದು.

ಮಾರುಕಟ್ಟೆ ಬೆಲೆ ಬೇಕಾಗುವುದು ‘ಇಂಟ್ರಿನ್ಸಿಕ್ ಮೌಲ್ಯಕ್ಕೆ ಪೊಸಿಷನ್ ಮುಗಿಸಿದರು’ ಎಂದಾಗ, ಅಂದರೆ ಸ್ಟ್ರೈಕ್ ಬೆಲೆಗೂ ಮಾರುಕಟ್ಟೆ ಬೆಲೆಗೂ ಇರುವ ಅಂತರಕ್ಕೆ ಆಪ್ಷನ್ ವ್ಯವಹಾರ ಮುಗಿಸಿದಾಗ. 40ರ ಪುಟ್ (ಷೇರನ್ನು 40ಕ್ಕೆ ಮಾರುವ ಹಕ್ಕು) ಅನ್ನು 2.50ಕ್ಕೆ ಕೊಂಡು, ಷೇರು 33ರಲ್ಲಿದ್ದಾಗ ಮುಗಿಸಿದರೆ ಎಡಕ್ಕೆ 250, ಬಲಕ್ಕೆ 700. ಲಾಭ 450.

ಆಪ್ಷನ್ ಅವಧಿ ಮುಗಿದು ಬೆಲೆಯಿಲ್ಲದೆ ಹೋದರೆ ಇನ್ನೂ ಸುಲಭ: ಏನೂ ಸೇರಿಸುವಂತಿಲ್ಲ. ಪ್ರಶ್ನೆ ಒಟ್ಟು ಲಾಭ ಕೇಳುತ್ತಿದೆಯೋ, ಷೇರಿಗೆಷ್ಟು ಎನ್ನುತ್ತಿದೆಯೋ ಎಂಬುದನ್ನು ಮಾತ್ರ ಇನ್ನೊಮ್ಮೆ ಓದಿ.